ಹಳೆಯ ವಿಂಡೋಸ್ ಇನ್ನೂ ತೆರೆಯುತ್ತಿರುವಾಗಲೇ

ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳ ಪ್ರೆಸ್ ಮಾಲಕರಿಗೆ, ಡಿಟಿಪಿ ಅಂಗಡಿಯವರಿಗೆ, ಸೊಸೈಟಿಗಳ ಕಾರ್ಯದರ್ಶಿಗಳಿಗೆ ಮತ್ತು ಹಳೆಯ ಪ್ರೋಗ್ರಾಮಿನಲ್ಲಿ ಇಂದಿಗೂ ಲೆಕ್ಕ ಬರೆಯುತ್ತಿರುವ ಎಲ್ಲರಿಗೆ

ಮಾನ್ಯರೇ,



ನಿಮ್ಮಲ್ಲಿ ಬಹಳ ಜನರ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಇದೆ. ಬೆಳಿಗ್ಗೆ ಶಟರ್ ಎತ್ತಿ, ಊದಿನಕಡ್ಡಿ ಹಚ್ಚಿ, ವಿಂಡೋಸ್ 10 ಚಾಲೂ ಮಾಡುತ್ತೀರಿ. ಆಮೇಲೆ ವರ್ಚುವಲ್‌ಬಾಕ್ಸೋ ವಿಎಂವೇರೋ ತೆರೆದು ಅದರೊಳಗಿನ ವಿಂಡೋಸ್ ಎಕ್ಸ್‌ಪಿಯನ್ನು ಎಬ್ಬಿಸುತ್ತೀರಿ. ಹಸಿರು ಗುಡ್ಡ, ನೀಲಿ ಆಕಾಶದ ಆ ಪರದೆಯ ಮೇಲೆ ಪೇಜ್‌ಮೇಕರ್. ಅದರಲ್ಲಿ ನುಡಿಯ ಅಕ್ಷರದಲ್ಲಿ ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್, ಪುಣ್ಯಸ್ಮರಣೆಯ ಕಾರ್ಡು, ಸಂಘದ ವಾರ್ಷಿಕ ವರದಿ. ಸೊಸೈಟಿಯಾದರೆ ಅದೇ ಕಿಟಕಿಯಲ್ಲಿ ಯಾವ ಕಾಲದಲ್ಲೋ ಯಾರೋ ಬರೆದುಕೊಟ್ಟ ಫಾಕ್ಸ್‌ಪ್ರೊ ಪ್ರೋಗ್ರಾಮು. ನೀವು ಅದನ್ನು ‘ಹಳೇ ಮಷೀನು’ ಅನ್ನುತ್ತೀರಿ. ಇಂಥ ಕೆಲವು ಹಳೇ ಮಷೀನುಗಳನ್ನು ಕೂರಿಸಿಕೊಟ್ಟವನು ನಾನೇ. ಜಮಖಂಡಿಯಲ್ಲಿ ಕಂಪ್ಯೂಟರ್ ದುರಸ್ತಿ ನನ್ನ ಹೊಟ್ಟೆಪಾಡು.

ಆ ಒಳಗಿನ ಕಂಪ್ಯೂಟರ್ ನೀವು ಅಂದುಕೊಂಡಷ್ಟು ಗಟ್ಟಿ ಅಲ್ಲ, ಅದು ತೆರೆಯುತ್ತಿರುವಷ್ಟರಲ್ಲೇ ಅದರೊಳಗಿನ ನಿಮ್ಮ ಬರಹ, ನಿಮ್ಮ ಲೆಕ್ಕ ಹೊರಗೆ ತೆಗೆದುಕೊಳ್ಳಿ ಎಂದು ಕೇಳಿಕೊಳ್ಳುವುದಕ್ಕೆ ಈ ಪತ್ರ.

‘ಇದೇನು ಹೊಸ ಮಾತು, ಮೂಲ ಮಷೀನು ಸುಟ್ಟರೂ ಇದು ಸುಡೂದಿಲ್ಲ ಅಂತ ನೀವ ಹೇಳಿದ್ರಲ್ರೀ’ ಎಂದು ಕೇಳುವವರಿದ್ದೀರಿ. ಆ ಮಾತು ಈಗಲೂ ನಿಜ. ಎಕ್ಸ್‌ಪಿಯ ಇಡೀ ಡಿಸ್ಕು ಒಂದು ಫೈಲಾಗಿ ಕೂತಿರುವುದರಿಂದ ಅದನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಎಲ್ಲಿಗೆ ಬೇಕಾದರೂ ಒಯ್ಯಬಹುದು. ತೊಂದರೆ ಇರುವುದು ಬೇರೆ ಕಡೆ. ಒಳಗಿನ ಎಕ್ಸ್‌ಪಿಗೆ ಕಾಣುವ ಡಿಸ್ಕು, ನೆಟ್‌ವರ್ಕ್ ಕಾರ್ಡು, ಫ್ಲಾಪಿ ಡ್ರೈವು ಎಲ್ಲವೂ ಸೋಗು, ತಂತ್ರಾಂಶ ಹಾಕಿದ ವೇಷ. ಪ್ರೊಸೆಸರ್ ಒಂದು ಮಾತ್ರ ಅಸಲಿ. ನಿಮ್ಮ ಹೊರಗಿನ ಕಂಪ್ಯೂಟರಿನ ಪ್ರೊಸೆಸರೇ ಒಳಗಿನದಕ್ಕೂ ದುಡಿಯುತ್ತದೆ. ಹಾಗಾಗಿ ಪ್ರೊಸೆಸರ್ ಮಾಡುವ ಕಂಪನಿ ಏನನ್ನು ಕೈಬಿಡುತ್ತದೆ, ವರ್ಚುವಲ್‌ಬಾಕ್ಸಿನಂಥ ತಂತ್ರಾಂಶ ಬರೆಯುವವರು ಯಾವ ಹಳೆಯ ಪ್ರೊಸೆಸರಿನ ನಂಟು ಕಡಿದುಕೊಳ್ಳುತ್ತಾರೆ ಎಂಬುದರ ಮೇಲೆ ನಿಮ್ಮ ಹಳೇ ಮಷೀನಿನ ಆಯುಷ್ಯ ನಿಂತಿದೆ. ಆ ನಿರ್ಧಾರಗಳನ್ನು ತೆಗೆದುಕೊಳ್ಳುವಾಗ ಜಮಖಂಡಿಯ ಪ್ರೆಸ್ಸು ಯಾರ ಕಣ್ಣಿಗೂ ಬೀಳುವುದಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ. 1999ರಲ್ಲಿ ವಿಎಂವೇರ್ ಕಂಪನಿ ಸಾಮಾನ್ಯ ಪಿಸಿಯೊಳಗೆ ಇನ್ನೊಂದು ಪಿಸಿ ಓಡಿಸಿ ತೋರಿಸಿದಾಗ ಇಂಟೆಲ್ ಪ್ರೊಸೆಸರುಗಳಲ್ಲಿ ಅದಕ್ಕೆ ಬೇಕಾದ ಸೌಕರ್ಯವೇ ಇರಲಿಲ್ಲ. ಒಳಗಿನ ವಿಂಡೋಸ್ ಕೊಡುವ ಕೆಲವು ಆಜ್ಞೆಗಳು ಹೊರಗಿನದಕ್ಕೆ ಗೊತ್ತಾಗದಂತೆ ನುಸುಳಿ ಹೋಗುತ್ತಿದ್ದವು. ಅದಕ್ಕಾಗಿ ತಂತ್ರಾಂಶವೇ ಆ ಆಜ್ಞೆಗಳನ್ನು ಮುಂಚಿತವಾಗಿ ಓದಿ, ಅಪಾಯದವನ್ನು ತಿದ್ದಿ ಬರೆದು, ಆಮೇಲೆ ಪ್ರೊಸೆಸರಿಗೆ ಕೊಡುತ್ತಿತ್ತು. ಬಹಳ ಜಾಣತನದ ಕೆಲಸ, ಅಷ್ಟೇ ತೊಡಕಿನದು. 2005ರ ನವೆಂಬರಿನಲ್ಲಿ ಇಂಟೆಲ್ ‘ವಿಟಿ-ಎಕ್ಸ್’ ಎಂಬ ಸೌಕರ್ಯವನ್ನು ಪ್ರೊಸೆಸರಿನಲ್ಲೇ ತಂದಿತು, 2006ರಲ್ಲಿ ಎಎಂಡಿ ತನ್ನದನ್ನು ತಂದಿತು. ಅಲ್ಲಿಂದ ಮುಂದೆ ಹಳೆಯ ಜಾಣತನದ ಅಗತ್ಯ ಕಡಿಮೆಯಾಗುತ್ತ ಬಂತು. ಕೊನೆಗೆ 2019ರ ಡಿಸೆಂಬರಿನಲ್ಲಿ ಬಂದ ವರ್ಚುವಲ್‌ಬಾಕ್ಸ್ 6.1 ಅದನ್ನು ಪೂರ್ತಿ ಕಿತ್ತುಹಾಕಿತು. ಪ್ರೊಸೆಸರಿನಲ್ಲಿ ವಿಟಿ-ಎಕ್ಸ್ ಅಥವಾ ಎಎಂಡಿಯ ಅದೇ ಸೌಕರ್ಯ ಇಲ್ಲದಿದ್ದರೆ ಇನ್ನು ಮುಂದೆ ಒಳಗಿನ ಕಂಪ್ಯೂಟರ್ ಎದ್ದೇಳುವುದಿಲ್ಲ.

ಇದು ಜಮಖಂಡಿಯ ಒಂದು ಪ್ರೆಸ್ಸಿಗೆ ಹೇಗೆ ತಟ್ಟಿತು ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಅವರದು ಪೆಂಟಿಯಮ್ ಡ್ಯುಯಲ್-ಕೋರ್ ಇ5200 ಪ್ರೊಸೆಸರಿನ ಮಷೀನು. 2008ರ ಸುಮಾರಿಗೆ ನಮ್ಮ ಕಡೆ ಬಿಲ್ ಕಡಿಮೆ ಬೀಳಲಿ ಎಂದು ಎಲ್ಲರೂ ಹಾಕಿಸುತ್ತಿದ್ದದ್ದು ಅದನ್ನೇ. ಒಳ್ಳೆಯ ದುಡಿಮೆಗಾರ, ಆದರೆ ವಿಟಿ-ಎಕ್ಸ್ ಇಲ್ಲ. ವರ್ಚುವಲ್‌ಬಾಕ್ಸ್ 5.2ರಲ್ಲಿ ಎಕ್ಸ್‌ಪಿ ನಿಧಾನವಾಗಿಯಾದರೂ ಸರಿಯಾಗಿ ನಡೆಯುತ್ತಿತ್ತು. ಕೆಲಸದ ಹುಡುಗ ಒಂದು ಸಂಜೆ ‘ಹೊಸದು ಬಂದಿದೆ, ಹಾಕಿಕೊಳ್ಳಲೇ?’ ಎಂದು ಪರದೆಯ ಮೇಲೆ ಬಂದ ಚೀಟಿಗೆ ‘ಹೂಂ’ ಅಂದ. ಮರುದಿನ ಎಕ್ಸ್‌ಪಿಯ ಬದಲು ಒಂದು ಕೆಂಪು ಗುರುತು, ಎರಡು ಸಾಲು ಇಂಗ್ಲಿಷು. ಮಾಲಕರು ಫೋನ್ ಮಾಡಿ, ‘ಸರ, ನಿನ್ನಿತನಾ ಚಾಲೂ ಇತ್ರೀ, ಇವತ್ತ ಒಳಗಿಂದು ಏಳವಲ್ದು. ನಾಳೆ ಮಧ್ಯಾಹ್ನ ಬೀಗರು ಪತ್ರಿಕಿ ಒಯ್ಯಾಕ ಬರ್ತಾರ’ ಅಂದರು. ಹೋಗಿ ನೋಡಿದರೆ ಡಿಸ್ಕಿನ ಫೈಲು ಹಾಗೇ ಇದೆ, ಪತ್ರಿಕೆಯೂ ಅದರೊಳಗೇ ಇದೆ, ತೆರೆಯುವ ದಾರಿ ಮಾತ್ರ ಮುಚ್ಚಿದೆ. ಹೊಸದನ್ನು ತೆಗೆದು 5.2ನ್ನೇ ಮತ್ತೆ ಹುಡುಕಿ ಕೂರಿಸಿದಾಗ ಎಕ್ಸ್‌ಪಿ ಎದ್ದಿತು. ಅವತ್ತಿನ ಪತ್ರಿಕೆ ಅಚ್ಚಾಯಿತು. ಆದರೆ ಆ 5.2ಕ್ಕೆ 2020ರ ಜುಲೈ ನಂತರ ತಯಾರಕರಿಂದ ಯಾವ ದುರಸ್ತಿಯೂ ಇಲ್ಲ. ಬೀಗರು ಪತ್ರಿಕೆ ಒಯ್ದ ಮೇಲೆ ಮಾಲಕರನ್ನು ಕೂರಿಸಿಕೊಂಡು ನಾನು ಹೇಳಿದ್ದೇ ಈಗ ನಿಮಗೆಲ್ಲ ಬರೆಯುತ್ತಿರುವುದು.

ಇದು ಒಂದು ತಂತ್ರಾಂಶದ ಕಥೆಯಲ್ಲ. ವರ್ಚುವಲ್‌ಬಾಕ್ಸ್ 6.0 ಬಂದಾಗಲೇ 32-ಬಿಟ್ ವಿಂಡೋಸ್ ಇರುವ ಮಷೀನಿನ ಮೇಲೆ ಅದನ್ನು ಹಾಕಿಕೊಳ್ಳುವುದು ನಿಂತುಹೋಗಿತ್ತು. ವಿಎಂವೇರ್ ವರ್ಕ್‌ಸ್ಟೇಷನ್ ಆ ಬಾಗಿಲನ್ನು 2014ರಲ್ಲೇ ಮುಚ್ಚಿತು. 2017ರಲ್ಲಿ ಬಂದ ಅದರ 14ನೆಯ ಆವೃತ್ತಿ ಇನ್ನೂ ಮುಂದೆ ಹೋಗಿ, ವಿಟಿ-ಎಕ್ಸ್ ಇದ್ದರೂ ಸಾಲದು, ಅದರ ಮುಂದಿನ ಸೌಕರ್ಯಗಳೂ ಬೇಕು ಎಂದಿತು. ದೊಡ್ಡ ಸರ್ವರುಗಳಲ್ಲಿ ಬಳಸುವ ಝೆನ್ 2013ರಲ್ಲೇ 32-ಬಿಟ್ ಪ್ರೊಸೆಸರಿಗೆ ಕೈಮುಗಿದಿತ್ತು. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮಿನದಂತೂ ಇನ್ನೂ ಸ್ವಾರಸ್ಯದ ಸಂಗತಿ. ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಶುರುಮಾಡಿದ್ದೇ 386 ಪ್ರೊಸೆಸರಿನ ಮಷೀನಿನ ಮೇಲೆ. 2012ರ ಡಿಸೆಂಬರಿನಲ್ಲಿ ಅದೇ 386ನ ಬೆಂಬಲವನ್ನು ಲಿನಕ್ಸಿನಿಂದ ತೆಗೆಯುವ ಬದಲಾವಣೆಯನ್ನು ಒಪ್ಪಿಕೊಂಡವರೂ ಅವರೇ. ತಾವು ಹುಟ್ಟಿದ ಮನೆಯನ್ನೇ ಬಿಟ್ಟವರಿಗೆ ನಮ್ಮ ಪೇಜ್‌ಮೇಕರಿನ ಮೇಲೆ ಏನು ಮೋಹ?

ಹಳೆಯದೇ ಹೋಗಬೇಕೆಂದೂ ಇಲ್ಲ. ಇಂಟೆಲ್ 2015ರಲ್ಲಿ ‘ಎಂಪಿಎಕ್ಸ್’ ಎಂಬ ಹೊಸ ಸೌಕರ್ಯವನ್ನು ಪ್ರೊಸೆಸರಿಗೆ ಸೇರಿಸಿತು. ಪ್ರೋಗ್ರಾಮು ತನ್ನ ಮೆಮೊರಿಯ ಎಲ್ಲೆ ಮೀರದಂತೆ ಕಾಯುವುದು ಅದರ ಕೆಲಸ. ಬಳಸುವವರೇ ಸಿಗಲಿಲ್ಲ. 2019ರಲ್ಲಿ ಪ್ರೋಗ್ರಾಮು ಕಟ್ಟುವ ಜಿಸಿಸಿ ಕಂಪೈಲರ್ ಅದನ್ನು ಬಿಟ್ಟಿತು, 2020ರಲ್ಲಿ ಲಿನಕ್ಸ್ ಬಿಟ್ಟಿತು. ಆದರೂ ಲಿನಕ್ಸಿನವರು ತಮ್ಮ ಬಳಕೆಯಿಂದ ಅದನ್ನು ತೆಗೆಯುವಾಗ, ಒಳಗೆ ಓಡುತ್ತಿರುವ ಅತಿಥಿ ಮಷೀನುಗಳಿಗೆ ಬೇಕಾದಷ್ಟನ್ನು ಉಳಿಸಿದರು. ಮಲಗಿರುವ ಮಷೀನು ಎದ್ದಾಗ ತಾನು ಮಲಗುವ ಮುಂಚೆ ಕಂಡಿದ್ದ ಪ್ರೊಸೆಸರನ್ನೇ ಹುಡುಕುತ್ತದಲ್ಲ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ನಿಮ್ಮಲ್ಲಿ ಕೆಲವರು ಸಿಟ್ಟಿಗೇಳುತ್ತೀರಿ. ‘ಇದ್ದದ್ದು ಇದ್ದಂಗ ಬಿಟ್ಟರ ಅವರ ಗಂಟೇನ್ ಹೋಗತೈತ್ರೀ?’ ಎಂದು ಬನಹಟ್ಟಿಯ ಹಿರಿಯರೊಬ್ಬರು ನನ್ನನ್ನು ಕೇಳಿದ್ದುಂಟು. ಗಂಟು ಹೋಗುತ್ತದೆ, ಮತ್ತು ಈ ವಿಷಯದಲ್ಲಿ ನಾನು ತೆಗೆಯುವವರ ಪಕ್ಷ. ಯಾಕೆಂದು ಹೇಳುತ್ತೇನೆ.

2015ರ ಮೇ ತಿಂಗಳಲ್ಲಿ ‘ವೆನಮ್’ ಎಂಬ ಹೆಸರಿನ ಒಂದು ದೋಷ ಬೆಳಕಿಗೆ ಬಂತು. ಒಳಗಿನ ಕಂಪ್ಯೂಟರಿನಿಂದ ಹೊರಗಿನದಕ್ಕೆ ಕನ್ನ ಕೊರೆಯಲು ದಾರಿ ಮಾಡಿಕೊಡುವಂಥ ದೋಷ. ಅದು ಇದ್ದದ್ದು ಎಲ್ಲಿ ಗೊತ್ತೇ? ಫ್ಲಾಪಿ ಡ್ರೈವಿನ ಸೋಗು ಹಾಕುವ ತುಣುಕಿನಲ್ಲಿ. ಕ್ಯೂಇಎಂಯು ಎಂಬ ತಂತ್ರಾಂಶದಲ್ಲಿ 2004ರಿಂದಲೂ ಯಾರ ಕಣ್ಣಿಗೂ ಬೀಳದೆ ಕೂತಿತ್ತು. ಅದೇ ತುಣುಕನ್ನು ಝೆನ್, ಲಿನಕ್ಸಿನ ಕೆವಿಎಂ, ವರ್ಚುವಲ್‌ಬಾಕ್ಸ್ ಎಲ್ಲವೂ ಎರವಲು ತಂದಿದ್ದವು. ಫ್ಲಾಪಿಯನ್ನು ಜಗತ್ತು ಮರೆತು ವರ್ಷಗಳಾಗಿದ್ದವು, ಬಳಕೆದಾರ ಫ್ಲಾಪಿ ಡ್ರೈವನ್ನು ತೆಗೆದುಹಾಕಿದರೂ ಎಷ್ಟೋ ಕಡೆ ಆ ತುಣುಕು ಒಳಗೊಳಗೇ ಜೀವಂತ ಇರುತ್ತಿತ್ತು. ಬ್ಯಾಂಕುಗಳ, ಆಸ್ಪತ್ರೆಗಳ, ಸರ್ಕಾರಗಳ ಸರ್ವರುಗಳೆಲ್ಲ ಇಂಥ ತಂತ್ರಾಂಶದ ಮೇಲೆ ನಿಂತಿರುವಾಗ, ಯಾರೂ ಬಳಸದ, ಯಾರೂ ಪರೀಕ್ಷಿಸದ ಸಾಲುಗಳನ್ನು ಒಳಗಿಟ್ಟುಕೊಳ್ಳುವುದು ಸೌಜನ್ಯವೆನಿಸಿಕೊಳ್ಳುವುದಿಲ್ಲ. ಪರೀಕ್ಷಿಸೋಣವೆಂದರೂ ಆ ಹಳೆಯ ಪ್ರೊಸೆಸರಿನ ಮಷೀನು ಅವರ ಬಳಿ ಇರಬೇಕಲ್ಲ. ಅವರ ಆಫೀಸಿನಲ್ಲಿ ಇ5200 ಇಲ್ಲ, ನಿಮ್ಮ ಅಂಗಡಿಯಲ್ಲಿದೆ.

ತೆಗೆಯುವ ರೀತಿಗೂ ಒಂದು ಕ್ರಮವಿದೆ. ಬೀಳಗಿ ಕಡೆಯವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಆಲಮಟ್ಟಿಯ ಹಿನ್ನೀರು ಒಂದೇ ರಾತ್ರಿಯಲ್ಲಿ ಊರೊಳಗೆ ಬರಲಿಲ್ಲ. ಮೊದಲು ಅಧಿಸೂಚನೆ, ಆಮೇಲೆ ಸರ್ವೆ, ಆಮೇಲೆ ಪರಿಹಾರದ ಓಡಾಟ, ಪುನರ್ವಸತಿ ಕೇಂದ್ರದಲ್ಲಿ ಸೈಟು, ಎಲ್ಲ ಆದ ಮೇಲೆ ನೀರು. ನೋಟಿಸು ಬಂದರೂ ‘ನೀರು ಇಲ್ಲೀತನಾ ಬರೂದಿಲ್ಲ ತಗೋ’ ಅಂದವರು ಕೊನೆಗೆ ಜಂತಿ-ತೊಲೆ ಬಿಚ್ಚಿಕೊಳ್ಳಲೂ ಪುರಸೊತ್ತಿಲ್ಲದೆ ಹೊರಡಬೇಕಾಯಿತು. ತಂತ್ರಾಂಶದಲ್ಲೂ ಹೀಗೇ: ಮೊದಲು ‘ಇದನ್ನು ಮುಂದೆ ತೆಗೆಯುತ್ತೇವೆ’ ಎಂಬ ಘೋಷಣೆ, ಮುಂದಿನ ಆವೃತ್ತಿಯಲ್ಲಿ ಎಚ್ಚರಿಕೆ, ಅದರ ಮುಂದೆ ಕೈಯಾರೆ ಚಾಲೂ ಮಾಡಿಕೊಂಡರೆ ಮಾತ್ರ ಸಿಗುವಂತೆ, ಕೊನೆಗೆ ಇಲ್ಲವೇ ಇಲ್ಲ. ನೋಟಿಸು ಇಂಗ್ಲಿಷಿನಲ್ಲಿ, ನಾವು ಓದದ ಪುಟದಲ್ಲಿ ಬರುತ್ತದೆ ಎಂಬುದೊಂದೇ ನಮ್ಮ ಕಷ್ಟ.

2023ರ ಮೇ ತಿಂಗಳಲ್ಲಿ ಅಂಥದೊಂದು ದೊಡ್ಡ ನೋಟಿಸು ಬಂದೇ ಬಿಟ್ಟಿತ್ತು. ಇಂಟೆಲ್ ‘ಎಕ್ಸ್86-ಎಸ್’ ಎಂಬ ಪ್ರಸ್ತಾಪ ಮುಂದಿಟ್ಟಿತು. ಪ್ರೊಸೆಸರಿನಲ್ಲಿ 16-ಬಿಟ್ ವಿಧಾನಗಳು ಬೇಡ, 32-ಬಿಟ್ ಆಪರೇಟಿಂಗ್ ಸಿಸ್ಟಮ್ ನಡೆಸುವ ಸೌಕರ್ಯವೂ ಬೇಡ; 64-ಬಿಟ್ ವಿಂಡೋಸಿನ ಮೇಲೆ 32-ಬಿಟ್ ಪ್ರೋಗ್ರಾಮು ಓಡಿದರೆ ಸಾಕು ಎಂಬುದು ಅದರ ತಾತ್ಪರ್ಯ. ಅದು ಜಾರಿಗೆ ಬಂದಿದ್ದರೆ ಅಂಥ ಹೊಸ ಮಷೀನಿನ ಮೇಲೆ ನಿಮ್ಮ ಎಕ್ಸ್‌ಪಿಯನ್ನು ಪ್ರೊಸೆಸರ್ ತಾನಾಗಿ ನಡೆಸುತ್ತಿರಲಿಲ್ಲ. 2024ರ ಡಿಸೆಂಬರಿನಲ್ಲಿ ಇಂಟೆಲ್ ಆ ಪ್ರಸ್ತಾಪವನ್ನು ಕೈಬಿಟ್ಟಿತು. ನಾಲ್ಕು ತಾಲ್ಲೂಕಿನ ಹಳೇ ಮಷೀನುಗಳು ಒಂದೂವರೆ ವರ್ಷ ತೂಗುಗತ್ತಿಯ ಕೆಳಗೆ ಕೂತಿದ್ದವು, ನಮಗೆ ಸುದ್ದಿಯೇ ಇರಲಿಲ್ಲ. ಮುಂದೆ ಮತ್ತೆ ಬರುವುದಿಲ್ಲವೆಂದು ನಾನು ಪಣ ಕಟ್ಟಲಾರೆ.

ಈ ನಡುವೆ ಹೊರಗಿನ ಕಂಪ್ಯೂಟರಿನದೂ ಒಂದು ರಗಳೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಎಷ್ಟೋ ಸೊಸೈಟಿಗಳಲ್ಲಿ 32-ಬಿಟ್ ವಿಂಡೋಸ್ ಇಟ್ಟುಕೊಂಡಿದ್ದೇ ಡಾಸ್ ಪ್ರೋಗ್ರಾಮು ನೇರವಾಗಿ ಓಡುತ್ತದೆಂದು. 386 ಪ್ರೊಸೆಸರಿನ ಜೊತೆ ಬಂದ ಒಂದು ವಿಶೇಷ ವಿಧಾನದ ಮೇಲೆ ಆ ಏರ್ಪಾಡು ನಿಂತಿತ್ತು, ಪ್ರೊಸೆಸರ್ 64-ಬಿಟ್‌ನಲ್ಲಿ ನಡೆಯುವಾಗ ಆ ವಿಧಾನ ಸಿಗುವುದಿಲ್ಲ. ವಿಂಡೋಸ್ 11ರಲ್ಲಿ 32-ಬಿಟ್ ಆವೃತ್ತಿಯೇ ಇಲ್ಲ. ಅಲ್ಲಿಗೆ ಆ ದಾರಿ ಮುಗಿಯಿತು. ವಿಂಡೋಸ್ 11ಕ್ಕೆ ಹೋದವರಲ್ಲಿ ಕೆಲವರು ಒಳಗಿನ ಎಕ್ಸ್‌ಪಿ ತೆವಳುತ್ತಿದೆ ಎಂದು ದೂರುತ್ತೀರಿ. ವರ್ಚುವಲ್‌ಬಾಕ್ಸ್ ಕಿಟಕಿಯ ಕೆಳಗಡೆ ಬಲಮೂಲೆಯಲ್ಲಿ ಒಂದು ಹಸಿರು ಆಮೆಯ ಚಿತ್ರ ಕಾಣುತ್ತಿದೆಯೇ ನೋಡಿ. ಕಂಡರೆ, ವಿಂಡೋಸಿನ ಸ್ವಂತ ಹೈಪರ್-ವಿ ವಿಟಿ-ಎಕ್ಸನ್ನು ಹಿಡಿದುಕೊಂಡು ಕೂತಿದೆ, ವರ್ಚುವಲ್‌ಬಾಕ್ಸಿಗೆ ಅದರ ಕೈಕೆಳಗೆ ದುಡಿಯಬೇಕಾಗಿದೆ ಎಂದರ್ಥ. ಆ ಆಮೆಯನ್ನು ಕೂರಿಸಿದವರ ಹಾಸ್ಯಪ್ರಜ್ಞೆಗೆ ನನ್ನ ಮೆಚ್ಚುಗೆಯಿದೆ, ಹತ್ತು ಜನ ಗಿರಾಕಿ ನಿಂತಿರುವಾಗ ನಿಮಗೆ ಅದು ಹಾಸ್ಯವೆನಿಸದಿದ್ದರೆ ಅದೂ ಸರಿಯೇ. ಬೇರೆ ಕೆಲವರ ಮಷೀನಿನಲ್ಲಿ ವಿಟಿ-ಎಕ್ಸ್ ಇರುತ್ತದೆ, ಬಯಾಸ್‌ನಲ್ಲಿ ಬಂದ್ ಆಗಿರುತ್ತದೆ ಅಷ್ಟೆ. ಪ್ರೊಸೆಸರ್ ಹಳೆಯದೆಂದು ಹೊಸ ಮಷೀನು ಕೊಳ್ಳುವ ಮೊದಲು ಅದೊಂದನ್ನು ನೋಡಿಸಿಕೊಳ್ಳಿ. ಅದಕ್ಕೆ ಯಾರಾದರೂ ಸಾವಿರಗಟ್ಟಲೆ ಕೇಳಿದರೆ ಅಂಗಡಿ ಬದಲಾಯಿಸಿ.

ಇನ್ನು ನನ್ನ ಬಿನ್ನಹಗಳು.

ದಿನದ ಕೊನೆಗೆ ನಿಮ್ಮಲ್ಲಿ ಹೆಚ್ಚಿನವರು ಒಳಗಿನ ಎಕ್ಸ್‌ಪಿಯನ್ನು ಬಂದ್ ಮಾಡುವುದಿಲ್ಲ, ಇದ್ದ ಸ್ಥಿತಿಯಲ್ಲೇ ಮಲಗಿಸುತ್ತೀರಿ. ಬೆಳಿಗ್ಗೆ ಕೂಡಲೇ ಏಳುತ್ತದೆಂಬ ಆಸೆ. ಎಂಪಿಎಕ್ಸ್ ವಿಷಯದಲ್ಲಿ ಹೇಳಿದ ಮಾತು ಇಲ್ಲಿಗೆ ಬೇಕಾಗಿತ್ತು. ಹಾಗೆ ಮಲಗಿದ ಮಷೀನನ್ನು ಬೇರೆ ಪ್ರೊಸೆಸರಿನ ಕಂಪ್ಯೂಟರಿಗೋ ಹೊಸ ಆವೃತ್ತಿಗೋ ಒಯ್ದರೆ ಅದು ಏಳದೇ ಇರಬಹುದು. ಸ್ಥಳಾಂತರಕ್ಕೆ, ಅಪ್‌ಡೇಟಿಗೆ ಮುಂಚೆ ಎಕ್ಸ್‌ಪಿಯನ್ನು ಸ್ಟಾರ್ಟ್ ಬಟನ್ನಿನಿಂದ ಪೂರ್ತಿ ಶಟ್‌ಡೌನ್ ಮಾಡಿ. ಆಮೇಲೆ ಆ ಡಿಸ್ಕ್ ಫೈಲನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲು ಮಾಡಿ, ನಕಲನ್ನು ಅಂಗಡಿಯಲ್ಲಿ ಇಡಬೇಡಿ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ ಎರಡೂ ಏರಿದಾಗ ಮುಧೋಳ, ಜಮಖಂಡಿ ತಾಲ್ಲೂಕುಗಳಲ್ಲಿ ನೆಲಮಟ್ಟದ ಅಂಗಡಿಗಳ ಗತಿ ಏನಾಯಿತು ಎಂಬುದು ನಿಮಗೇ ಗೊತ್ತು. ನಕಲಿನ ಜೊತೆಗೇ ಯಾವ ತಂತ್ರಾಂಶ, ಯಾವ ಆವೃತ್ತಿಯಲ್ಲಿ ಅದು ತೆರೆಯುತ್ತದೆ ಎಂಬುದನ್ನು ಬರೆದಿಡಿ, ಆ ಆವೃತ್ತಿಯ ಇನ್‌ಸ್ಟಾಲ್ ಫೈಲನ್ನೂ ಪಕ್ಕದಲ್ಲೇ ಇಡಿ. ಜಮಖಂಡಿಯ ಪ್ರೆಸ್ಸಿನಲ್ಲಿ ನಮ್ಮ ಅರ್ಧ ದಿನ ಹೋದದ್ದು 5.2 ಹುಡುಕುವುದಕ್ಕೇ.

ಒಳಗಿನ ಎಕ್ಸ್‌ಪಿಗೆ ಇಂಟರ್ನೆಟ್ ಕೊಟ್ಟಿದ್ದರೆ ಇವತ್ತೇ ತೆಗೆಯಿರಿ. ಮೈಕ್ರೋಸಾಫ್ಟ್ ಅದರ ಕೈಬಿಟ್ಟದ್ದು 2014ರ ಏಪ್ರಿಲ್ 8ಕ್ಕೆ. ಅಂದಿನಿಂದ ಅದು ಬಾಗಿಲಿಲ್ಲದ ಮನೆ.

ಲೆಕ್ಕದವರಿಗೆ ಕೆಲಸ ಸುಲಭ. ಫಾಕ್ಸ್‌ಪ್ರೊ ತನ್ನ ಕೋಷ್ಟಕಗಳನ್ನು ‘ಡಿಬಿಎಫ್’ ಫೈಲುಗಳಲ್ಲಿ ಇಡುತ್ತದೆ. ಪುಕ್ಕಟೆ ಸಿಗುವ ಲಿಬ್ರೆಆಫೀಸಿನಲ್ಲಿ ಅವು ನೇರವಾಗಿ ತೆರೆಯುತ್ತವೆ. ‘ಎಫ್‌ಪಿಟಿ’ ಎಂಬ ಕೊನೆಯಿರುವ ಫೈಲುಗಳನ್ನು ಬಿಡದೆ ಜೊತೆಗೇ ನಕಲು ಮಾಡಿ, ಉದ್ದದ ಟಿಪ್ಪಣಿಗಳು ಅವುಗಳಲ್ಲಿರುತ್ತವೆ. ‘ಸಿಡಿಎಕ್ಸ್’ ಇರದಿದ್ದರೂ ನಷ್ಟವಿಲ್ಲ, ಅದು ಅನುಕ್ರಮಣಿಕೆ ಮಾತ್ರ. ಪಿಕೆಪಿಎಸ್ ಕಾರ್ಯದರ್ಶಿಗಳಲ್ಲಿ ಒಂದು ವಿಶೇಷ ಕೋರಿಕೆ. 2022ರ ಜೂನಿನಲ್ಲಿ ಕೇಂದ್ರ ಸರ್ಕಾರ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿತಲ್ಲ, ಅದರಲ್ಲಿ ಹೊಸ ತಂತ್ರಾಂಶ ಬಂತೆಂದು ಹಳೆಯದನ್ನು ಮರೆಯಬೇಡಿ. ನಾನು ನೋಡಿದ ಒಂದು ಸೊಸೈಟಿಯಲ್ಲಿ ಹೊಸದಕ್ಕೆ ಹೋಗಿದ್ದು ಆರಂಭಿಕ ಶಿಲ್ಕು ಮಾತ್ರ. ಹಿಂದಿನ ವರ್ಷಗಳ ಸಾಲದ ಖಾತೆ, ವಸೂಲಿ, ಬಡ್ಡಿಮನ್ನಾ ಎಲ್ಲ ಒಳಗಿನ ಎಕ್ಸ್‌ಪಿಯಲ್ಲೇ ಇತ್ತು. ರೈತನೊಬ್ಬ ಹಳೆಯ ಸಾಲದ ತಂಟೆಗೆ ಕೋರ್ಟಿಗೆ ಹೋದರೆ ತೋರಿಸಬೇಕಾದದ್ದು ಅದೇ ಕಾಗದ.

ಡಾಸ್ ಪ್ರೋಗ್ರಾಮನ್ನು ನಡೆಸಿಯೇ ನೋಡಬೇಕೆಂದಿದ್ದರೆ ಡಾಸ್‌ಬಾಕ್ಸ್ ಎಂಬುದಿದೆ. ಅದು ಪ್ರೊಸೆಸರನ್ನೂ ಸೋಗಿನದ್ದನ್ನೇ ಮಾಡಿಕೊಳ್ಳುತ್ತದೆ, ಅಸಲಿ ಪ್ರೊಸೆಸರಿನಲ್ಲಿ ಯಾವ ವಿಧಾನ ಉಳಿಯಲಿ ಬಿಡಲಿ ಅದಕ್ಕೆ ಚಿಂತೆಯಿಲ್ಲ. ಎಕ್ಸ್‌ಪಿಯನ್ನೂ ಕ್ಯೂಇಎಂಯು ಇದೇ ರೀತಿ ಪೂರ್ತಿ ಅನುಕರಣೆಯಲ್ಲಿ ನಡೆಸಬಲ್ಲದು. ನಿಧಾನ, ತುಂಬ ನಿಧಾನ. ವರ್ಷಕ್ಕೊಮ್ಮೆ ಹಳೆಯ ಫೈಲು ತೆರೆಯಲು ಸಾಕು, ಲಗ್ನದ ಸೀಸನ್ನಿಗೆ ಸಾಲದು.

ಪ್ರೆಸ್ಸಿನವರ ಕೆಲಸವೇ ಕಷ್ಟದ್ದು. ನುಡಿಯಲ್ಲೋ ಶ್ರೀಲಿಪಿಯಲ್ಲೋ ನೀವು ಟೈಪಿಸಿದ ಹಳೆಯ ಕನ್ನಡ, ಕಂಪ್ಯೂಟರಿನ ಲೆಕ್ಕದಲ್ಲಿ ಕನ್ನಡವೇ ಅಲ್ಲ. ತಲೆಯ ಮೇಲೆ ಟೋಪಿ, ಚುಕ್ಕೆ ಹೊತ್ತ ರೋಮನ್ ಅಕ್ಷರಗಳು. ಆ ಫಾಂಟು ಇದ್ದರೆ ಕನ್ನಡವಾಗಿ ಕಾಣುತ್ತವೆ, ಇಲ್ಲದಿದ್ದರೆ ಚಿತ್ತಾರ. 1991ರಲ್ಲೇ ಯೂನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿತ್ತು, ನಮ್ಮ ಪೇಜ್‌ಮೇಕರಿಗೆ ಅದು ಗೊತ್ತಾಗಲೇ ಇಲ್ಲ. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಹಾಗಾಗಿ ಫೈಲನ್ನು ನಕಲು ಮಾಡಿಟ್ಟರೆ ಸಾಲದು, ಬರಹವನ್ನು ಯೂನಿಕೋಡಿಗೆ ತರಬೇಕು. ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ, ಆದರೆ ಅವುಗಳ ಮೇಲೆ ಕಣ್ಣು ಮುಚ್ಚಿ ಭಾರ ಹಾಕಬೇಡಿ. ‘ಧರ್ಮ’, ‘ಸೂರ್ಯ’ದಂಥ ಮಾತುಗಳಲ್ಲಿ ಅರ್ಕಾವತ್ತು ಹಳೆಯ ಫಾಂಟಿನಲ್ಲಿ ಅಕ್ಷರದ ನಂತರ ಕೂತಿರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು, ಪರಿವರ್ತಕ ಎಡವುವುದು ಇಲ್ಲೇ. ನಮ್ಮ ಟೈಪಿಸ್ಟರು ಅವಸರದಲ್ಲಿ ಅನುಸ್ವಾರದ ಜಾಗಕ್ಕೆ ಸೊನ್ನೆ ಒತ್ತಿರುತ್ತಾರೆ. ನೋಡಲು ಒಂದೇ, ಹುಡುಕಿದರೆ ಸಿಗುವುದಿಲ್ಲ. ಹೆಸರುಗಳನ್ನು ಕೂತು ಓದಲೇಬೇಕು. ಪುಟದ ರೂಪ ಉಳಿಯಬೇಕಿದ್ದರೆ ಎಕ್ಸ್‌ಪಿಯೊಳಗಿಂದಲೇ ಫಾಂಟು ಸೇರಿಸಿ ಪಿಡಿಎಫ್ ಮಾಡಿ ಇಡಿ, ಬರಹಕ್ಕೆ ಯೂನಿಕೋಡು ಬೇರೆ. ಎರಡೂ ಬೇಕು.

ಎಲ್ಲ ಫೈಲನ್ನೂ ಉಳಿಸಿ ಎಂದು ನಾನು ಹೇಳಲಾರೆ. ಹತ್ತು ವರ್ಷದ ಹಿಂದಿನ ಲಗ್ನಪತ್ರಿಕೆಯನ್ನು ಮತ್ತೆ ಕೇಳುವವರು ಯಾರು? ಆದರೆ ನಿಮ್ಮ ಪ್ರೆಸ್ಸುಗಳಲ್ಲಿ ಅದೊಂದೇ ಅಚ್ಚಾಗಿಲ್ಲ. ಊರಿನ ಮಠದ ಸ್ಮರಣ ಸಂಚಿಕೆ, ಭಜನಾ ಮಂಡಳಿಯ ಪದಗಳ ಪುಸ್ತಕ, ಶಾಲೆಯ ಅಮೃತ ಮಹೋತ್ಸವದ ಹೊತ್ತಗೆ, ನೇಕಾರರ ಸಂಘದ ವರದಿ, ಮುಳುಗಡೆಯಾದ ಊರಿನ ಬಗ್ಗೆ ಯಾರೋ ಮಾಸ್ತರರು ಬರೆದು ತಾವೇ ದುಡ್ಡು ಹಾಕಿ ಮುದ್ರಿಸಿದ ನೂರು ಪ್ರತಿಯ ಪುಸ್ತಕ ಇವೆಲ್ಲ ನಿಮ್ಮ ಎಕ್ಸ್‌ಪಿಯ ‘ಡಿ’ ಡ್ರೈವಿನಲ್ಲಿವೆ. ಎಷ್ಟೋ ಪುಸ್ತಕಗಳ ಅಚ್ಚಾದ ಪ್ರತಿ ಬರೆದವರ ಮನೆಯಲ್ಲೂ ಉಳಿದಿಲ್ಲ. ಅವನ್ನು ಮೊದಲು ತೆಗೆಯಿರಿ. ಬರೆದವರು ಬದುಕಿದ್ದರೆ ಅವರನ್ನೇ ಕರೆದು ಕರಡು ತಿದ್ದಿಸಿ, ಸಂತೋಷದಿಂದ ಬರುತ್ತಾರೆ.

ಇದಕ್ಕೆ ದುಡ್ಡಿಗಿಂತ ಕೂರುವ ಮನುಷ್ಯ ಬೇಕು. ನಮ್ಮ ನಾಲ್ಕೂ ತಾಲ್ಲೂಕಿನ ಮಕ್ಕಳು ಬೆಂಗಳೂರು, ಪುಣೆಯ ಕಂಪನಿಗಳಲ್ಲಿ ದೊಡ್ಡ ದೊಡ್ಡ ಸರ್ವರುಗಳನ್ನು ಹಳೆಯದರಿಂದ ಹೊಸದಕ್ಕೆ ಸಾಗಿಸುವ ಇದೇ ಕೆಲಸ ಮಾಡುತ್ತಿದ್ದಾರೆ. ದೀಪಾವಳಿಗೋ ಉಗಾದಿಗೋ ಊರಿಗೆ ಬಂದಾಗ ‘ತಮ್ಮಾ, ಒಂದ್ ತಾಸ ಅಂಗಡಿಗೆ ಬಾ’ ಎಂದು ಕರೆಯಿರಿ. ಹೊಸ ಆವೃತ್ತಿ ಬಂದಾಗ ಏನು ತೆಗೆದರು ಎಂದು ಓದಿ ಹೇಳಲು ಅವರಲ್ಲಿ ಒಬ್ಬರಿಗೆ ಒಪ್ಪಿಸಿ. ಅಲ್ಲಿಯತನಕ ಪರದೆಯ ಮೇಲೆ ಬರುವ ‘ಹೊಸದು ಹಾಕಿಕೊಳ್ಳಲೇ?’ ಎಂಬ ಚೀಟಿಗೆ ಅಂಗಡಿಯ ಹುಡುಗರು ನಿಮ್ಮನ್ನು ಕೇಳದೆ ಹೂಂ ಅನ್ನದಿರಲಿ.

ಯಾವಾಗ ಮಾಡುವುದು ಎಂದರೆ, ಆಷಾಢದಲ್ಲಿ. ಲಗ್ನವಿಲ್ಲ, ಪ್ರೆಸ್ಸು ಖಾಲಿ. ಮಾರ್ಚಿನ ಲೆಕ್ಕ ಮುಗಿದಿರುತ್ತದೆ, ಕಬ್ಬಿನ ಹಂಗಾಮು ಶುರುವಾಗಿರುವುದಿಲ್ಲ. ನನ್ನಲ್ಲಿಗೆ ಬರುವಾಗ ಖಾಲಿ ಹಾರ್ಡ್‌ಡಿಸ್ಕ್ ಒಂದನ್ನು ತನ್ನಿ. ಶಟ್‌ಡೌನ್ ಮಾಡಿ, ನಕಲು ಮಾಡಿ, ಮೊದಲ ಪುಸ್ತಕವನ್ನು ಯೂನಿಕೋಡಿಗೆ ತರುವವರೆಗೆ ನಾನು ಪಕ್ಕದಲ್ಲಿ ಕೂರುತ್ತೇನೆ; ಅದಕ್ಕೆ ಬಿಲ್ ಹಾಕುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಜಮಖಂಡಿಯ ಒಬ್ಬ ಕಂಪ್ಯೂಟರ್ ದುರಸ್ತಿಗಾರ